ಬಾವಿಗೆ ಬಿದ್ದು ಸತ್ತವನು ನಾನೇ

ಬ್ಯಾಂಕಿನ ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು. ಪಾಸ್‌ಬುಕ್ ನೋಡಿದಳು. ಮತ್ತೆ ಮುಖ ನೋಡಿದಳು.

“ಸರ್, ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ...”

ಪಾಸ್‌ಬುಕ್ ಮೇಲೆ ಹೆಸರಿತ್ತು. ಅದರಿಂದ ಅವಳಿಗೆ ಏನೂ ಹೊಳೆಯಲಿಲ್ಲ. ಪಕ್ಕದ ಕೌಂಟರ್‌ನವರು ಗಾಜಿನ ಆಚೆಯಿಂದ ಬಗ್ಗಿ ನೋಡಿ, “ಅಯ್ಯೋ, ಇವ್ರು ಬಾವಿಗೆ ಬಿದ್ದು ಸತ್ತವರು ಕಣೇ!” ಅಂದರು. ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದ ಅಜ್ಜ ಒಂದು ಹೆಜ್ಜೆ ಹಿಂದೆ ಸರಿದರು.

18 ವರ್ಷದಿಂದ ಸಿನಿಮಾದಲ್ಲಿ ಖಳನ ಪಾತ್ರ ಮಾಡಿಕೊಂಡಿದ್ದೇನೆ. ಜನಕ್ಕೆ ನನ್ನ ಹೆಸರು ನೆನಪಿರುವುದಿಲ್ಲ, ನಾನು ಸತ್ತಿದ್ದು ನೆನಪಿರುತ್ತದೆ. ಬೇಜಾರೇನಿಲ್ಲ. ನಾನೂ ಅದನ್ನೇ ಲೆಕ್ಕ ಇಟ್ಟಿದ್ದೇನೆ. ಮೊದಲ ಸಿನಿಮಾದಿಂದ ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದಿದ್ದೇನೆ. ಸಿನಿಮಾದ ಹೆಸರು, ಎಷ್ಟು ದಿನದ ಕೆಲಸ, ಎಷ್ಟಕ್ಕೆ ಮಾತಾಯಿತು, ಎಷ್ಟು ಬಂತು, ಎಷ್ಟು ಬಾಕಿ. ಕೊನೆಯ ಕಾಲಂ ‘ಹೇಗೆ ಸತ್ತೆ’. ಇದುವರೆಗೆ 61 ಸಿನಿಮಾ, 34 ಸಾವು. ಗುಂಡು 12, ಮಚ್ಚು 9, ಎತ್ತರದಿಂದ ಬಿದ್ದು 6, ಬೆಂಕಿ 4, ನೇಣು 1, ಬಾವಿ 1. ಉಳಿದ ಒಂದರಲ್ಲಿ ಹೇಗೆ ಸತ್ತೆ ಅಂತ ನನಗೇ ಗೊತ್ತಿಲ್ಲ. ಎಡಿಟಿಂಗ್‌ನಲ್ಲಿ ಸೀನ್ ಹೋಯಿತು. ಇಂಟರ್‌ವಲ್ ಆದ ಮೇಲೆ ನಾನು ಸುಮ್ನೆ ಕಾಣಿಸುವುದಿಲ್ಲ. ಯಾರೂ ಕೇಳುವುದೂ ಇಲ್ಲ.

ನಮ್ಮೂರು ಬಾದಾಮಿ ಹತ್ತಿರ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತಿದ್ದವು. ಒಂದು ಟೆಂಟಿನ ಹಾಡು ಇನ್ನೊಂದು ಟೆಂಟಿಗೆ ಕೇಳುತ್ತಿತ್ತು. ದಿನಕ್ಕೆ ಎರಡು ಆಟ, ಮೂರು ಆಟ. ಅಪ್ಪನ ಜೊತೆ ಚಕ್ಕಡಿಯಲ್ಲಿ ಹೋಗಿ ರಾತ್ರಿಯಿಡೀ ನಾಟಕ ನೋಡಿ, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುತ್ತಿದ್ದೆ. ಹೀರೋ ಹಾಡು ಹೇಳುವಾಗ ಜನ ಶೇಂಗಾ ಸುಲಿಯುತ್ತಿದ್ದರು. ಗೌಡನ ಪಾತ್ರದವನು ಮೀಸೆ ತಿರುವುತ್ತ ಬಂದರೆ ಶೇಂಗಾ ಸುಲಿಯುವ ಸಪ್ಪಳ ನಿಲ್ಲುತ್ತಿತ್ತು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮುಂದೆ ಊರ ನಾಟಕದಲ್ಲಿ ನಾವೇ ಪಾತ್ರ ಹಾಕಲು ಶುರು ಮಾಡಿದೆವು. ನಮ್ಮಲ್ಲಿ ಪಾತ್ರ ಹಂಚುವ ರೀತಿ ಸರಳ. ನಾಟಕದ ಖರ್ಚಿಗೆ ಯಾರು ಜಾಸ್ತಿ ಪಟ್ಟಿ ಕೊಡುತ್ತಾರೋ, ಅಂದರೆ ವಂತಿಗೆ, ಅವರೇ ಹೀರೋ. ನನ್ನ ಹತ್ತಿರ ದುಡ್ಡಿರಲಿಲ್ಲ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಮ್ಮಾ, ನಿನ್ನ ಮಾರಿ ನೋಡಿದ್ರ ಸಾಲ ಕೇಳಾಕ ಬಂದಂಗ ಐತಿ. ಸಾವುಕಾರನ ಪಾತ್ರ ಮಾಡು” ಅಂದರು. ಅಷ್ಟೇ. ಅಂದು ಶುರುವಾದ ಸಾವುಕಾರಿಕೆ ಇನ್ನೂ ಮುಗಿದಿಲ್ಲ.

2004ರಲ್ಲಿ ಬೆಂಗಳೂರಿಗೆ ಬಂದೆ. ಚಿಕ್ಕಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಸಂಜೆ ಏಳಕ್ಕೆ ಬಿಟ್ಟರೆ ನೇರ ರವೀಂದ್ರ ಕಲಾಕ್ಷೇತ್ರ. ಹಿಂದುಗಡೆ ಸಂಸ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಯಾವುದಾದರೂ ತಂಡ ರಿಹರ್ಸಲ್ ಮಾಡುತ್ತಿರುತ್ತಿತ್ತು. ಮೊದಲು ಟೀ ತಂದುಕೊಟ್ಟೆ, ಆಮೇಲೆ ಮಾತು ಮರೆತವರಿಗೆ ನೆನಪಿಸುವ ಪ್ರಾಂಪ್ಟಿಂಗ್ ಮಾಡಿದೆ, ಆಮೇಲೆ ಸೈನಿಕನಾದೆ. ಎರಡು ವರ್ಷಕ್ಕೆ ಮಾತಿರುವ ಪಾತ್ರ ಸಿಕ್ಕಿತು.

ಅಲ್ಲಿ ಹಿರಿಯರ ಹರಟೆ ಕೇಳುವುದೇ ಒಂದು ಪಾಠ. 2006ರ ಜನವರಿಯಲ್ಲಿ ವಜ್ರಮುನಿ ತೀರಿಕೊಂಡ ದಿನ ರಿಹರ್ಸಲ್ ನಡೆಯಲಿಲ್ಲ, ಬರೀ ಮಾತು. ಅವರ ನಿಜವಾದ ಹೆಸರು ಸದಾನಂದ ಸಾಗರ್ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ನಾಟಕದಲ್ಲಿ ರಾವಣನಾಗಿ ಅಬ್ಬರಿಸಿದ್ದ ಮನುಷ್ಯ, ಪುಟ್ಟಣ್ಣ ಕಣಗಾಲರ ಕಣ್ಣಿಗೆ ಬಿದ್ದು ಸಿನಿಮಾಕ್ಕೆ ಬಂದರು, ನಟಭಯಂಕರ ಅನ್ನಿಸಿಕೊಂಡರು. ಒಬ್ಬ ಹಿರಿಯರು ಇನ್ನೂ ಹಿಂದಕ್ಕೆ ಹೋದರು. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ದಲ್ಲೇ ಆರ್. ನಾಗೇಂದ್ರರಾಯರು ರಾವಣ ಆಗಿದ್ದರು ಅಂತ. “ನೋಡಪ್ಪಾ, ಕನ್ನಡ ಸಿನಿಮಾ ಬಾಯಿ ಬಿಟ್ಟಾಗಲೇ ರಾವಣ ಇದ್ದ. ನಿಂಗೆ ಕೆಲಸ ಇದ್ದೇ ಇರುತ್ತೆ” ಅಂದರು. ನಂಬಿದೆ.

ಕೆಲಸ ಇತ್ತು, ನನಗೆ ಸಿಗಬೇಕಲ್ಲ. ಆಗ ಫೋನ್‌ನಲ್ಲಿ ವಿಡಿಯೋ ಕಳಿಸುವ ಕಾಲ ಅಲ್ಲ. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಬೇಕು. ಒಂದು ನೇರ, ಒಂದು ಪಕ್ಕಕ್ಕೆ, ಒಂದು ಸಿಟ್ಟಿನದು. ಸಿಟ್ಟಿನ ಫೋಟೋಗೆ ಫೋಟೋಗ್ರಾಫರ್ “ಸ್ವಲ್ಪ ನಗಬೇಡಿ ಸರ್” ಅನ್ನುತ್ತಿದ್ದ, ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆ ಕವರ್ ಹಿಡಿದುಕೊಂಡು ಗಾಂಧಿನಗರದ ಸಿನಿಮಾ ಆಫೀಸುಗಳ ಮೆಟ್ಟಿಲು ಹತ್ತಿದೆ. ಭಾನುವಾರ ಅಂಗಡಿಗೆ ರಜೆ, ಆದರೆ ಭಾನುವಾರ ಆ ಆಫೀಸುಗಳಲ್ಲೂ ಯಾರೂ ಇರುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಮಾಲೀಕರಿಗೆ ಹೊಟ್ಟೆನೋವು ಅಂತ ಹೇಳುತ್ತಿದ್ದೆ. ಒಂದು ದಿನ ಅವರು, “ನಿಂಗೆ ಪ್ರತಿ ಮಂಗಳವಾರ ಬರೋ ಹೊಟ್ಟೆನೋವಿಗೆ ಒಳ್ಳೆ ಡಾಕ್ಟರ್ ನೋಡೋ” ಅಂದರು. ಅವರಿಗೆ ಗೊತ್ತಿತ್ತು ಅನ್ನಿಸುತ್ತೆ. ಸಂಬಳ ಮಾತ್ರ ಹಿಡಿಯಲಿಲ್ಲ.

2007ರಲ್ಲಿ ಮೊದಲ ಅವಕಾಶ. ಹೀರೋ ಎಂಟ್ರಿ ಫೈಟು. ತರಕಾರಿ ಮಾರ್ಕೆಟ್‌ನಲ್ಲಿ ಹಫ್ತಾ ಕೇಳುವ ಆರು ಜನರಲ್ಲಿ ನಾನು ನಾಲ್ಕನೆಯವನು. ಒಂದೇ ಮಾತು: “ಯಾರೋ ನೀನು?” ಮೂರು ದಿನಕ್ಕೆ ಎರಡು ಸಾವಿರ ಅಂತ ಮಾತು. ಬೆಳಿಗ್ಗೆ ಐದೂವರೆಗೆ ಗಾಡಿ ಬಂತು, ಎಂಟಕ್ಕೆ ಇಡ್ಲಿ-ವಡೆ ಆಯಿತು, ಹನ್ನೊಂದಕ್ಕೆ ನನ್ನ ಮಾತು ಹೇಳಿದೆ, ಹನ್ನೊಂದೂ ಐದಕ್ಕೆ ಏಟು ತಿಂದೆ.

ತಿಂದೆ ಅಂದರೆ ನಿಜವಾಗಿಯೂ ತಿಂದೆ. ಹೀರೋ ಕೈ ಬೀಸಿದರು. ನಾಟಕದವನು ನಾನು, ಎದೆ ಸೆಟೆಸಿ ನಿಂತುಬಿಟ್ಟೆ. ಮುಷ್ಟಿ ಬಂದು ಕಿವಿಯ ಕೆಳಗೆ ಕೂತಿತು. ಹೀರೋ ಗಾಬರಿಯಾಗಿ “ಸಾರಿ ಬ್ರದರ್” ಅಂದರು. ಫೈಟ್ ಮಾಸ್ಟರ್ ಅವರಿಗೆ ಏನೂ ಹೇಳಲಿಲ್ಲ. ನನ್ನ ಹತ್ತಿರ ಬಂದು, “ಅವರದ್ದೇನೂ ತಪ್ಪಿಲ್ಲ. ನೀನು ಎಲ್ಲಿದ್ದೆ?” ಅಂದರು. ಅರ್ಥ ಆಗಲಿಲ್ಲ.

ಊಟದ ಹೊತ್ತಲ್ಲಿ ಅವರೇ ಕೂರಿಸಿಕೊಂಡು ಹೇಳಿಕೊಟ್ಟರು. ಹೊಡೆಯುವವರ ಮುಷ್ಟಿ ನಮ್ಮ ಮುಖದಿಂದ ಒಂದು ಗೇಣು, ಕೆಲವು ಸಲ ಒಂದು ಮೊಳ ದೂರದಲ್ಲೇ ಹೋಗುತ್ತದೆ. ಕ್ಯಾಮೆರಾ ಅವರ ಹೆಗಲ ಹಿಂದೆ ಇರುತ್ತದೆ. ಅಲ್ಲಿಂದ ನೋಡಿದರೆ ಮಧ್ಯದ ಜಾಗ ಕಾಣಿಸುವುದಿಲ್ಲ, ಮುಷ್ಟಿ ಮುಖಕ್ಕೆ ತಾಗಿದ ಹಾಗೇ ಕಾಣಿಸುತ್ತದೆ. ಆದರೆ ಅದು ಏಟು ಆಗಬೇಕಾದರೆ ನಮ್ಮ ಕತ್ತು ಆ ಕ್ಷಣಕ್ಕೆ ತಿರುಗಬೇಕು. ಮುಷ್ಟಿ ಹೋದ ದಿಕ್ಕಿಗೇ ತಿರುಗಬೇಕು. ಒಂದು ಚೂರು ಮೊದಲಾದರೆ ಹೆದರಿ ಓಡಿದ ಹಾಗೆ, ಒಂದು ಚೂರು ತಡವಾದರೆ ಕಾಮಿಡಿ. ಮೊದಲು ಗದ್ದ, ಅದರ ಹಿಂದೆ ಹೆಗಲು, ಅದರ ಹಿಂದೆ ಸೊಂಟ, ಕೊನೆಗೆ ಕಾಲು. ಕಾಲು ಮೊದಲು ಹೋದರೆ ಜಾರಿ ಬಿದ್ದವನ ಹಾಗೆ ಕಾಣಿಸುತ್ತದೆ. ತಲೆಕೂದಲು ಉದ್ದ ಇದ್ದರೆ ಒಳ್ಳೆಯದು, ಅದು ಹಾರಿದರೆ ಏಟಿಗೆ ತೂಕ ಬರುತ್ತದೆ. ಕೂದಲಿಗೆ ನೀರು ಚಿಮುಕಿಸಿದರೆ ಇನ್ನೂ ಒಳ್ಳೆಯದು. ಶಬ್ದ ಆಮೇಲೆ ಸ್ಟುಡಿಯೋದಲ್ಲಿ ಸೇರುತ್ತದೆ.

“ಏಟು ಹೊಡೆಯೋರದ್ದಲ್ಲ ಕಣೋ, ತಿನ್ನೋನದ್ದು” ಅಂದರು ಮಾಸ್ಟರ್. “ಅವರು ಗಾಳೀಲಿ ಕೈ ಬೀಸ್ತಾರೆ. ಶಕ್ತಿ ನೀನು ತೋರಿಸ್ಬೇಕು.”

ಇದನ್ನು ರೂಮಿಗೆ ಬಂದು ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ದಿನಾ ರಾತ್ರಿ ಐವತ್ತು ಸಲ ಬಲಕ್ಕೆ, ಐವತ್ತು ಸಲ ಎಡಕ್ಕೆ. ರೂಮ್‌ಮೇಟ್ ಕೋರಿಯರ್ ಆಫೀಸಿನಲ್ಲಿದ್ದ. ಅವನಿಗೆ ಕೈ ಬೀಸು ಅಂತ ಪೀಡಿಸುತ್ತಿದ್ದೆ. ಒಂದು ತಿಂಗಳು ಕತ್ತು ನೋವಿಗೆ ಎಣ್ಣೆ ಹಚ್ಚಿಕೊಂಡೇ ಮಲಗಿದೆ. ಜನ ಹೀರೋನ ಸ್ಟೈಲ್ ಬಗ್ಗೆ ಮಾತಾಡುತ್ತಾರೆ, ಮಾತಾಡಲಿ. ನನ್ನ ಮಟ್ಟಿಗೆ ಸಿನಿಮಾದ ಫೈಟು ಅಂದರೆ ಕೆಳಗೆ ಬಿದ್ದವನ ಕೆಲಸ. ಇದನ್ನು ಹೀರೋಗಳೂ ಒಪ್ಪುತ್ತಾರೆ. ಒಳ್ಳೆ ಹೀರೋಗಳು ಫೈಟ್‌ಗೆ ಮೊದಲು ಬಂದು “ನೀವು ಯಾವ ಕಡೆ ಹೋಗ್ತೀರಾ?” ಅಂತ ಕೇಳಿಕೊಳ್ಳುತ್ತಾರೆ. ಕೇಳದವರ ಜೊತೆ ನಾನು ಒಂದು ಗೇಣು ಜಾಸ್ತಿ ದೂರ ನಿಲ್ಲುತ್ತೇನೆ.

ಈ ಕೆಲಸದಲ್ಲಿ ಬಡ್ತಿ ಇದೆ. ಮೊದಲು ಗುಂಪಿನಲ್ಲಿ ಒಬ್ಬ. ಆಮೇಲೆ ಗುಂಪಿನ ಮುಂದೆ ನಿಲ್ಲುವವನು. ಆಮೇಲೆ ವಿಲನ್‌ನ ಬಲಗೈ. ಬಲಗೈ ಆದರೆ ಕುರ್ಚಿ ಸಿಗುತ್ತದೆ. ಸೆಟ್‌ನಲ್ಲಿ ಕುರ್ಚಿ ದೊಡ್ಡ ವಿಷಯ. ಅದಾದ ಮೇಲೆ ಎರಡನೇ ವಿಲನ್. ಕಾರವಾನ್‌ನಲ್ಲಿ ಅರ್ಧ ಪಾಲು, ಇನ್ನೊಬ್ಬರ ಜೊತೆ. ಬಲಗೈ ಆಗಲು ನನಗೆ ಐದು ವರ್ಷ ಬೇಕಾಯಿತು. ಅದಾದ ಮೇಲೆ ಅಲ್ಲೇ ನಿಂತೆ. ಯಾಕೆಂದರೆ ಮೇನ್ ವಿಲನ್ ಬಾಂಬೆಯಿಂದ ಬರುತ್ತಿದ್ದರು, ಇಲ್ಲಾ ಹೈದರಾಬಾದ್‌ನಿಂದ. ಆರು ಅಡಿ ಮೂರು ಇಂಚು, ಸಿಕ್ಸ್ ಪ್ಯಾಕ್, ಹಸಿರು ಕಣ್ಣು. ಒಬ್ಬರಂತೂ ಕನ್ನಡ ಸಾಲು ಬಾಯಿಗೆ ಬರದೆ ಇಂಗ್ಲಿಷ್‌ನಲ್ಲಿ ಅಂಕಿ ಎಣಿಸಿದರು. ನನ್ನ ಮುಖಕ್ಕೆ ಮುಖ ಕೊಟ್ಟು ಕೆಂಗಣ್ಣು ಬಿಟ್ಟು “ಒನ್ ಟೂ ತ್ರೀ ಫೋರ್, ಫೈವ್ ಸಿಕ್ಸ್!” ಅಂದರು. ನಾನು ನಡುಗಬೇಕಿತ್ತು. ನಡುಗಿದೆ. ಹಾಲುಮತದ ದೇವರ ಮುಂದೆ ಡೊಳ್ಳು ಕೇಳಿದವನಿಗೆ ಫೈವ್ ಸಿಕ್ಸ್‌ಗೆ ನಡುಗುವುದು ಎಷ್ಟು ಕಷ್ಟ ಅಂತ ನನಗೇ ಗೊತ್ತು.

ಆಮೇಲಿನ ತಮಾಷೆ ಕೇಳಿ. ಆ ಅಂಕಿಗಳಿಗೆ ಕನ್ನಡ ತುಂಬಿಸಿದವನು ನಾನೇ. ಮೊದಲ ಮೂರ್ನಾಲ್ಕು ಸಿನಿಮಾದಲ್ಲಿ ನನ್ನ ಮುಖಕ್ಕೆ ಬೇರೆಯವರ ದನಿ ಇತ್ತು. “ನಿಮ್ಮ ಕಡೆಯ ಭಾಷೆ ನಮ್ಮ ರೌಡಿಗೆ ಸೆಟ್ ಆಗಲ್ಲ” ಅಂದಿದ್ದರು. ಥಿಯೇಟರ್‌ನಲ್ಲಿ ಕೂತು ನೋಡಿದರೆ ನನ್ನ ಬಾಯಿ ತೆರೆಯುತ್ತದೆ, ಯಾರೋ ಬೆಂಗಳೂರಿನವನು ಮಾತಾಡುತ್ತಾನೆ. ಮೈ ಉರಿದುಹೋಯಿತು. ಒಂದು ವರ್ಷ ಪಟ್ಟು ಹಿಡಿದು ಈ ಕಡೆಯ ಮಾತು ಕಲಿತೆ. ಮಾರ್ಕೆಟ್‌ನಲ್ಲಿ, ಸಿಟಿ ಬಸ್‌ನಲ್ಲಿ, ಆಟೋ ಸ್ಟ್ಯಾಂಡ್‌ನಲ್ಲಿ ಕಿವಿ ಕೊಟ್ಟು ಕೂತೆ. ಆಮೇಲೆ ನನ್ನ ಮುಖಕ್ಕೆ ನಾನೇ ಡಬ್ ಮಾಡಿದೆ, ಬಾಂಬೆಯವರ ಮುಖಕ್ಕೂ ಮಾಡಿದೆ. ಈಗ ಗಾಳಿ ತಿರುಗಿದೆ. “ಸರ್, ಪಾತ್ರ ಸ್ವಲ್ಪ ಉತ್ತರ ಕರ್ನಾಟಕ ಟಚ್ ಇರಲಿ” ಅಂತಾರೆ. ಟಚ್ ಅಂತೆ! ಹತ್ತು ವರ್ಷ ಉಜ್ಜಿ ಉಜ್ಜಿ ತೆಗೆದಿದ್ದು ಅದನ್ನೇ ಅಲ್ವಾ?

ಡಬ್ಬಿಂಗ್ ಥಿಯೇಟರ್ ಒಂದು ವಿಚಿತ್ರ ಜಾಗ. ಕತ್ತಲೆ ಕೋಣೆ, ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನ್, ಪಕ್ಕದಲ್ಲಿ ಬಿಸಿನೀರಿನ ಲೋಟ. ಮಾತು ಮುಗಿದ ಮೇಲೆ ಫೈಟ್ ಡಬ್ ಮಾಡಬೇಕು. ಅಲ್ಲಿ ಮಾತಿಲ್ಲ, ಬರೀ ಹ್ಞಾ, ಹುಫ್, ಆಂ. ಅರ್ಧ ಗಂಟೆ ಒಬ್ಬನೇ ನಿಂತು ನರಳಬೇಕು. ನನ್ನ ಸಾವಿಗೆ ನಾನೇ ಕೊನೆಯುಸಿರು ಎಳೆಯಬೇಕು. ಗಾಜಿನ ಆಚೆ ಕೂತ ಸೌಂಡ್ ಎಂಜಿನಿಯರ್ ಬಿಸ್ಕತ್ ತಿನ್ನುತ್ತ, “ಸರ್, ಪ್ರಾಣ ಹೋಗಿದ್ದು ಸ್ವಲ್ಪ ಬೇಗ ಆಯ್ತು, ಒನ್ ಮೋರ್” ಅಂತಾರೆ. ರವಿಶಂಕರ್ ವರ್ಷಗಟ್ಟಲೆ ಬೇರೆಯವರ ಮುಖಕ್ಕೆ ದನಿ ಕೊಟ್ಟವರು. 2011ರಲ್ಲಿ ‘ಕೆಂಪೇಗೌಡ’ದ ಆರ್ಮುಗಂ ಆಗಿ ತಮ್ಮದೇ ಮುಖದ ಜೊತೆ ಬಂದಾಗ ಆ ಕತ್ತಲೆ ಕೋಣೆಗಳಲ್ಲಿ ನಿಂತಿದ್ದ ನಮ್ಮಂಥವರೆಲ್ಲ ಹಬ್ಬ ಮಾಡಿದೆವು. ನಮ್ಮ ಸರದಿ ಬಂತು ಅಂದುಕೊಂಡೆವು. ಸರದಿ ಬಂದಿದ್ದು ಹೀರೋಗಳಿಗೆ! 2018ರಲ್ಲಿ ‘ಟಗರು’ ಬಂತು, ಧನಂಜಯ ಡಾಲಿ ಆಗಿ ಮನೆಮಾತಾದರು. ಒಳ್ಳೆ ನಟ, ಚೆನ್ನಾಗಿಯೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಾದ ಮೇಲೆ ಹೀರೋ ಆಗಬಲ್ಲವರೂ ವಿಲನ್ ಪಾತ್ರ ಕೇಳತೊಡಗಿದರು. ನಾವು ಇನ್ನೊಂದು ಮೆಟ್ಟಿಲು ಕೆಳಗಿಳಿದೆವು.

ಡಬ್ಬಿಂಗ್ ಬಗ್ಗೆ ಹೊಸಬರಿಗೆ ಇನ್ನೊಂದು ವಿಷಯ ಹೇಳಬೇಕು. ಪೂರ್ತಿ ದುಡ್ಡು ಕೈಗೆ ಬರುವ ಕೊನೆಯ ಅವಕಾಶ ಅದು. ಶೂಟಿಂಗ್ ಮುಗಿದರೆ ನಿಮ್ಮ ಮುಖ ಅವರ ಹತ್ತಿರ ಇದೆ. ದನಿ ಮಾತ್ರ ನಿಮ್ಮ ಹತ್ತಿರ. ಡಬ್ಬಿಂಗ್ ಕೊಟ್ಟುಬಿಟ್ಟರೆ ಬಾಕಿ ಹೋದಂತೆಯೇ. ನನಗೆ ಒಬ್ಬ ನಿರ್ಮಾಪಕರು 35 ಸಾವಿರದ ಚೆಕ್ ಕೊಟ್ಟರು. ಡಬ್ಬಿಂಗ್ ಮುಗಿಸಿ ಚೆಕ್ ಹಾಕಿದೆ. ಬೌನ್ಸ್ ಆಯಿತು. ಫೋನ್ ಮಾಡಿದರೆ, “ಪಿಕ್ಚರ್ ರಿಲೀಸ್ ಆಗ್ಲಿ, ನೀವು ನಮ್ಮೋರಲ್ವಾ” ಅಂದರು. ರಿಲೀಸ್ ಆಯಿತು, ಒಂದು ವಾರ ಓಡಿತು. ಅವರೂ ಓಡಿದರು. ನೋಟ್‌ಬುಕ್‌ನಲ್ಲಿ ಆ 35 ಸಾವಿರ ಇನ್ನೂ ಕೆಂಪು ಇಂಕಿನಲ್ಲಿದೆ.

ಆದರೆ “ದುಡ್ಡು ಕೊಟ್ಟರೆ ಮಾತ್ರ ಬರ್ತೀನಿ” ಅಂತ ಹೇಳುವ ಹಾಗಿಲ್ಲ. ಹೇಳಿದರೆ ಕಿರಿಕ್ ಪಾರ್ಟಿ ಅನ್ನುವ ಹೆಸರು ಬರುತ್ತದೆ, ಆ ಹೆಸರು ಗಾಂಧಿನಗರ ಪೂರ್ತಿ ಸುತ್ತುತ್ತದೆ. ಒಬ್ಬ ಹಿರಿಯ ಪೋಷಕ ನಟರು ದಾರಿ ಹೇಳಿಕೊಟ್ಟರು. “ಗಂಟಲು ಸರಿ ಇಲ್ಲ ಅನ್ನು. ಮ್ಯಾನೇಜರ್‌ಗೆ ಅರ್ಥ ಆಗುತ್ತೆ. ದುಡ್ಡು ಬಂದ ತಕ್ಷಣ ಗಂಟಲು ಸರಿ ಹೋಗ್ಲಿ.” ಆಮೇಲೆ ನನ್ನ ಗಂಟಲು ಎಷ್ಟೋ ಸಲ ಕೆಟ್ಟಿದೆ.

ಗಡ್ಡ, ಕೂದಲಿನ ಗೋಳು ಬೇರೆ. ಒಂದು ಸಿನಿಮಾಕ್ಕೆ ತಲೆ ಬೋಳಿಸಬೇಕು ಅಂದರು. ಮೊಟ್ಟೆತಲೆ ವಿಲನ್, ಹಣೆ ಮೇಲೆ ಗಾಯದ ಗುರುತು, ಒಳ್ಳೆ ಲುಕ್. ಖುಷಿಯಿಂದ ಬೋಳಿಸಿದೆ. ಹತ್ತು ದಿನ ಶೂಟಿಂಗ್ ನಡೆದು ನಿಂತುಹೋಯಿತು. ಫೈನಾನ್ಸ್ ಬಂದರೆ ಮತ್ತೆ ಶುರು, ಕಂಟಿನ್ಯುಟಿ ಇದೆ, ಕೂದಲು ಬಿಡಬೇಡಿ ಅಂದರು. ನಾಲ್ಕು ತಿಂಗಳು ವಾರಕ್ಕೆರಡು ಸಲ ತಲೆ ಬೋಳಿಸಿಕೊಂಡೆ. ಅಷ್ಟರಲ್ಲಿ ಬೇರೆ ಮೂರು ಅವಕಾಶ ಹೋದವು, ಮೂರಕ್ಕೂ ಕೂದಲು ಬೇಕಿತ್ತು. ಆ ಸಿನಿಮಾದ ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆಯುವ ದಿನ ಕೊನೆಗೂ ಬರಲೇ ಇಲ್ಲ. ಸೆಲೂನ್‌ನವನಿಗೆ ಮಾತ್ರ ನನ್ನಿಂದ ಒಳ್ಳೆ ವ್ಯಾಪಾರ ಆಯಿತು.

ಸಾಯುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಹಳೆಯ ಮಿನರ್ವ ಮಿಲ್‌ನಲ್ಲಿ ಕ್ಲೈಮ್ಯಾಕ್ಸ್ ಶೂಟಿಂಗ್. ನಾನು ಸತ್ತು ಬಿದ್ದಿದ್ದೇನೆ. ನನ್ನನ್ನು ದಾಟಿ ಹೀರೋ ನಡೆದು ಹೋಗಬೇಕು, ಕ್ಯಾಮೆರಾ ಟ್ರಾಲಿ ಮೇಲೆ ನಿಧಾನಕ್ಕೆ ನನ್ನ ಮುಖದಿಂದ ಶುರುವಾಗಬೇಕು. ಸಿನಿಮಾದ ರಕ್ತ ಸಕ್ಕರೆ ಪಾಕಕ್ಕೆ ಬಣ್ಣ ಹಾಕಿದ್ದು. ತುಟಿಗೆ ತಾಗಿದರೆ ಸಿಹಿ. ಹತ್ತು ನಿಮಿಷ ಆಗಿರಲಿಲ್ಲ, ಇರುವೆ ಬಂದವು. ಮೊದಲು ಕತ್ತಿನ ಹತ್ತಿರ, ಆಮೇಲೆ ಕಿವಿ. ಕಣ್ಣು ತೆರೆದೇ ಸಾಯಬೇಕು ಅಂತ ಡೈರೆಕ್ಟರ್ ಆಸೆ. ಹಾಗಾಗಿ ರೆಪ್ಪೆ ಬಡಿಯುವ ಹಾಗಿಲ್ಲ. ಉಸಿರಿಗೆ ಒಂದು ಉಪಾಯ ಇದೆ. ಹೊಟ್ಟೆ ತುಂಬ ಎಳೆದರೆ ಬಿಡುವಾಗ ಎದೆ ಕುಸಿಯುವುದು ಕಾಣಿಸುತ್ತದೆ. ಅರ್ಧ ಎಳೆದು, ಅರ್ಧ ಬಿಟ್ಟು, ಅಲ್ಲೇ ಹಿಡಿಯಬೇಕು. ಟ್ರಾಲಿ ಚಕ್ರದ ಸಪ್ಪಳ ಕೇಳಿಸಿದಾಗ ಹಿಡಿದೆ. ಒಂದು ಇರುವೆ ಕಿವಿಯೊಳಗೆ ಕಾಲಿಟ್ಟಿತು. ಹೀರೋ ನಿಧಾನಕ್ಕೆ ನಡೆಯುತ್ತಿದ್ದಾರೆ, ಸ್ಲೋ ಮೋಷನ್ ಆಮೇಲೆ ಮಾಡಿದರೂ ಆಗುತ್ತಿತ್ತು, ಇವರು ಈಗಲೇ ಮಾಡುತ್ತಿದ್ದಾರೆ. “ಕಟ್” ಅಂದ ತಕ್ಷಣ ಎದ್ದು ಕುಣಿದೆ. ಯೂನಿಟ್ ಹುಡುಗರು ಸಂತೋಷಕ್ಕೆ ಕುಣಿಯುತ್ತಿದ್ದೇನೆ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಸತ್ತ ಸೀನ್ ಮುಗಿದ ಮೇಲೆ ಕ್ಯಾಮೆರಾ ನೋಡಿ ಒಂದು ಸಲ ನಗಿಸುತ್ತಾರೆ. ದೃಷ್ಟಿ ಆಗಬಾರದು ಅಂತ. ಮೊದಮೊದಲು ತಮಾಷೆ ಅನ್ನಿಸುತ್ತಿತ್ತು. ಈಗ ಅವರು ಮರೆತರೂ ನಾನೇ ನೆನಪಿಸಿ ನಗುತ್ತೇನೆ.

ಅದಕ್ಕೆ ಕಾರಣ ಇದೆ. 2016ರ ನವೆಂಬರ್ 7. ನಾನು ಒಂದು ಸೀರಿಯಲ್ ಸೆಟ್‌ನಲ್ಲಿದ್ದೆ. ಮೇಕಪ್ ರೂಮಿನ ಟಿವಿ ಮುಂದೆ ಎಲ್ಲರೂ ನಿಂತಿದ್ದರು. ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಿನಿಮಾ ಒಂದರ ಶೂಟಿಂಗ್. ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮುಳುಗಿಹೋದರು. ಇಬ್ಬರೂ ಖಳನ ಪಾತ್ರ ಮಾಡುತ್ತಿದ್ದವರು, ಮೇಲೆ ಬರುತ್ತಿದ್ದವರು. ಅಂದು ನಮ್ಮ ಸೆಟ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯಾಕೆಂದರೆ ಒಂದು ಪ್ರಶ್ನೆ ಎಲ್ಲರ ತಲೆಯಲ್ಲೂ ಇತ್ತು. ನಮ್ಮನ್ನು ಹಾರು ಅಂದಿದ್ದರೆ ನಾವು ಬೇಡ ಅಂತಿದ್ವಾ? ನಾನಂತೂ ಅನ್ನುತ್ತಿರಲಿಲ್ಲ. ದೊಡ್ಡ ಸಿನಿಮಾ, ಕ್ಲೈಮ್ಯಾಕ್ಸ್, ಎಲ್ಲರೂ ನೋಡುತ್ತಿರುತ್ತಾರೆ. ಈಜು ಬರಲ್ಲ ಅಂತ ಬಾಯಿ ಬಿಡುವುದಕ್ಕಿಂತ ಹಾರುವುದು ಸುಲಭ ಅನ್ನಿಸುವ ಕೆಲಸ ನಮ್ಮದು.

ಅದಾಗಿ ನಾಲ್ಕೈದು ತಿಂಗಳಿಗೆ ನನಗೆ ಬಾವಿ ಬಂತು. ಹಳೆಯ ಕಾಲದ ಕಲ್ಲಿನ ಬಾವಿ, ಇಪ್ಪತ್ತು ಅಡಿ ಕೆಳಗೆ ನೀರು. ಹೀರೋಯಿನ್ ನನ್ನನ್ನು ತಳ್ಳಬೇಕು, ನಾನು ಬೀಳಬೇಕು. “ಕೆಳಗೆ ಇಬ್ಬರು ಹುಡುಗರು ಇರ್ತಾರೆ ಸರ್, ಎತ್ಕೋತಾರೆ” ಅಂದರು. ಹಿಂದಿನ ನಾನಾಗಿದ್ದರೆ ಬಿದ್ದಿರುತ್ತಿದ್ದೆ. ಅವತ್ತು ಮಾಸ್ಟರ್ ಹತ್ತಿರ ಹೋಗಿ, “ಮಾಸ್ಟರ್, ನಂಗೆ ಈಜು ಬರಲ್ಲ. ಬೀಳಲ್ಲ” ಅಂದೆ. ಕಾಲು ನಡುಗುತ್ತಿತ್ತು, ಬಾವಿಗಲ್ಲ, ಹಾಗಂದಿದ್ದಕ್ಕೆ. ಮಾಸ್ಟರ್ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಡೈರೆಕ್ಟರ್ ಕಡೆ ತಿರುಗಿ, “ಇಲ್ಲಿ ಕಟ್ ಮಾಡೋಣ ಸರ್, ಬೆಡ್ ಹಾಕಿ” ಅಂದರು. ಪಕ್ಕದ ಬಯಲಲ್ಲಿ ಬಾವಿಯ ಅಂಚಿನ ಹಾಗೆ ಥರ್ಮೋಕೋಲ್ ಕಲ್ಲು ಜೋಡಿಸಿದರು, ಕೆಳಗೆ ಹಾಸಿಗೆ ಹಾಕಿದರು. ನನ್ನ ಮುಖದ ಒಂದು ಕ್ಲೋಸಪ್, ಹಿಂದಕ್ಕೆ ವಾಲುವ ಒಂದು ಶಾಟ್. ನೀರಿಗೆ ಬಿದ್ದಿದ್ದು ನನ್ನ ಅಂಗಿ ಹಾಕಿದ ಬೊಂಬೆ.

ನಾನು ಬಿದ್ದಿದ್ದು ನಾಲ್ಕು ಅಡಿ. ಆದರೂ ಆ ಸಾವೇ ಜನಕ್ಕೆ ನೆನಪಿದೆ, ಬ್ಯಾಂಕ್‌ನವರಿಗೂ. ಗುಂಡು ತಿಂದ ಹನ್ನೆರಡು ಸಲ ಯಾರಿಗೂ ನೆನಪಿಲ್ಲ.

ಅವ್ವ ಮಾತ್ರ ಎಲ್ಲವನ್ನೂ ನೆನಪಿಟ್ಟಿದ್ದಾಳೆ. ಊರಲ್ಲಿ ಟಿವಿಯಲ್ಲಿ ನನ್ನ ಸಿನಿಮಾ ಬಂದರೆ ಅಕ್ಕಪಕ್ಕದವರೆಲ್ಲ ಸೇರುತ್ತಾರೆ. ಫೈಟ್ ಬಂದ ತಕ್ಷಣ ಅವಳು ಎದ್ದು ಒಳಗೆ ಹೋಗಿ ಒಲೆ ಮುಂದೆ ಕೂರುತ್ತಾಳೆ. ಒಂದು ಸಲ ನಾನು ಹೋದಾಗ ಕೇಳಿದಳು:

“ಅಲ್ಲೋ, ಅವ ನಿನ್ನ ಅಷ್ಟ್ ಹೊಡೀತಾನ, ನೀ ಒಂದರ ತಿರುಗಿ ಹೊಡೀಬಾರದನು?”

“ಹೊಡೀತೀನವ್ವಾ, ಮೊದಲ ಎರಡು ನಾನ ಹೊಡೀತೀನಿ.”

“ಎರಡು ಹೊಡದು ಅಲ್ಲೇ ನಿಂದ್ರಿಸಬಾರದಾ ಹಂಗಾರ?”

ಇದಕ್ಕೆ ಏನು ಹೇಳುವುದು? ರೊಟ್ಟಿ ತಿಂದೆ.

2020ರ ಮಾರ್ಚ್‌ನಲ್ಲಿ ಎಲ್ಲವೂ ನಿಂತಿತು. ಆ ವರ್ಷದ ಪುಟದಲ್ಲಿ ನೋಟ್‌ಬುಕ್‌ನಲ್ಲಿ ಎರಡೇ ಸಾಲು ಇವೆ. ಹಳೆಯ ಅಂಗಡಿ ಮಾಲೀಕರಿಗೆ ಫೋನ್ ಮಾಡಿದೆ. “ಬಾರೋ, ಬಿಲ್ ಬರಿ. ಹೊಟ್ಟೆನೋವು ವಾಸಿ ಆಯ್ತಾ?” ಅಂದರು. ಎಂಟು ತಿಂಗಳು ಬರೆದೆ. ಗಿರಾಕಿಗಳು ಮಾಸ್ಕ್ ಮೇಲಿನ ಕಣ್ಣು ನೋಡಿಯೇ ಗುರುತಿಸಿ ರೇಟ್ ಕಡಿಮೆ ಮಾಡಿ ಅಂತ ಕೇಳುತ್ತಿದ್ದರು. ವಿಲನ್ ಅಂದರೆ ಹೆದರುವ ಕಾಲ ಹೋಯಿತು.

ಈಗ ವಯಸ್ಸು 45 ದಾಟಿದೆ. ಮಂಡಿ ಮೊದಲಿನ ಹಾಗಿಲ್ಲ. ಈ ಹೊತ್ತಿಗೆ ಬಹಳ ಜನ ಖಳನಟರು ದಾರಿ ಬದಲಿಸಿದ್ದಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ ದೊಡ್ಡಣ್ಣ ಕೇಡಿಯಾಗಿ ಬಂದು ಆಮೇಲೆ ನಮ್ಮನ್ನೆಲ್ಲ ನಗಿಸಿದರು. ಸುಧೀರ್ ಸಿನಿಮಾದಲ್ಲಿ ಹೆಸರು ಮಾಡಿಯೂ ನಾಟಕ ಕಂಪನಿ ಕಟ್ಟಿದರು. ನನಗೆ ಕಂಪನಿ ಕಟ್ಟುವ ಶಕ್ತಿ ಇಲ್ಲ, ನಗಿಸಲು ಹೋದರೆ ಜನ ಹೆದರುತ್ತಾರೆ. ಕಾಯುತ್ತಿದ್ದೆ.

ಹೋದ ವರ್ಷ ಒಬ್ಬ ಹೊಸ ಡೈರೆಕ್ಟರ್ ಫೋನ್ ಮಾಡಿದ. ಹೀರೋಯಿನ್ ಅಪ್ಪನ ಪಾತ್ರ. ಪೋಸ್ಟ್ ಆಫೀಸಿನಲ್ಲಿ ಕೆಲಸ, ಮಗಳ ಮದುವೆಗೆ ಸಾಲ ಮಾಡಿದವನು. ನಾನು ಅಭ್ಯಾಸಬಲದಿಂದ ಕೇಳಿದೆ, “ಎಲ್ಲಿ ಸಾಯ್ತೀನಿ?”

“ಸಾಯಲ್ಲ ಸರ್.”

“ಫೈಟು?”

“ಇಲ್ಲ ಸರ್. ಒಂದು ಸಲ ಬಾಗಿಲು ಜೋರಾಗಿ ಹಾಕ್ತೀರಾ, ಅಷ್ಟೇ.”

ಹದಿನಾಲ್ಕು ದಿನದ ಕೆಲಸ. ಮೊದಲ ದಿನ ಸಾಲ ಕೊಟ್ಟ ಸಾವುಕಾರ ಬಂದು ನನ್ನ ಕಪಾಳಕ್ಕೆ ಹೊಡೆಯುವ ಸೀನ್ ಇತ್ತು. ಸಾವುಕಾರನ ಪಾತ್ರ ಮಾಡುತ್ತಿದ್ದ ಹುಡುಗ ನಾಟಕದವನು, ಧಾರವಾಡದ ಕಡೆಯವನು. ಕೈ ಎತ್ತಲು ಹೆದರುತ್ತಿದ್ದ. “ನೀ ಗಾಳ್ಯಾಗ ಬೀಸೋ ತಮ್ಮಾ, ಉಳಿದಿದ್ದು ನಾ ನೋಡ್ಕೋತೀನಿ” ಅಂದೆ. ಒಂದೇ ಟೇಕ್. ಕನ್ನಡಕ ಹಾರಿ ತುಳಸಿಕಟ್ಟೆ ಹತ್ತಿರ ಬಿತ್ತು. ಅದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ನಾನೇ ಸ್ವಲ್ಪ ಸಡಿಲ ಮಾಡಿ ಇಟ್ಟುಕೊಂಡಿದ್ದೆ. ಡೈರೆಕ್ಟರ್ ಮಾನಿಟರ್ ಬಿಟ್ಟು ಓಡಿಬಂದು ನಿಜವಾಗಿ ತಾಗಿತಾ ಅಂತ ಕೇಳಿದ.

ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ದಿನ 14. ‘ಹೇಗೆ ಸತ್ತೆ’ ಕಾಲಂನಲ್ಲಿ ಒಂದು ಅಡ್ಡಗೆರೆ. ಬಾಕಿ 40 ಸಾವಿರ. ನಿನ್ನೆ ಮ್ಯಾನೇಜರ್ ಫೋನ್ ಮಾಡಿದ್ದರು, ಸೋಮವಾರ ಡಬ್ಬಿಂಗ್ ಇಟ್ಟುಕೊಳ್ಳೋಣವಾ ಅಂತ. ಗಂಟಲು ಸ್ವಲ್ಪ ಸರಿ ಇಲ್ಲ ಅಂತ ಹೇಳಿದ್ದೇನೆ.